ಕಳೆದ ಮಾಲು ಹೇಗಿತ್ತು

ಮೈಸೂರು
4-12-1961

ಮಾನ್ಯ ಶ್ರೀ ಪಂಢರಿನಾಥರಾಯರ ಸನ್ನಿಧಿಗೆ,

ಸೀತಾರಾಮನ ವಿನಯಪೂರ್ವಕ ವಂದನೆಗಳು. ತಾವು ಸ್ಥಾಪಿಸಿರುವ ‘ಜಲಜಾ ನಿಧಿ’ಯ ಮೊದಲ ವರ್ಷದ ಹಣ ನಮ್ಮ ವೈದ್ಯಕೀಯ ಕಾಲೇಜಿಗೆ ತಲುಪಿದೆ. ಕೀಲುನೋವಿನ ಜ್ವರ ಮಕ್ಕಳ ಹೃದಯವನ್ನು ಹೇಗೆ ಹಾಳುಮಾಡುತ್ತದೆಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ. ಒಮ್ಮೆ ಬಂದ ಜ್ವರ ಮರಳಿ ಬಾರದಂತೆ ತಿಂಗಳಿಗೊಂದು ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟು, ಇಲ್ಲಿಯ ನೇಕಾರರ ಕೇರಿಯ ಮಕ್ಕಳಲ್ಲಿ ಅದರ ಫಲವೇನೆಂದು ಐದು ವರ್ಷ ಗಮನಿಸುವುದು ನನ್ನ ಸಂಶೋಧನೆ. ಹಣವಿಲ್ಲದೆ ಕಡತದಲ್ಲಿ ಮಲಗಿದ್ದ ಈ ಕೆಲಸವನ್ನು ತಾವು ಎಬ್ಬಿಸಿದಿರಿ.

ತಮ್ಮ ಕೀರ್ತಿಶೇಷ ಪುತ್ರಿ, ಸದ್ಗುಣಸಂಪನ್ನೆ, ಮೃದುಭಾಷಿಣಿ ಕುಮಾರಿ ಜಲಜಾ ಅವರನ್ನು ನೋಡುವ ಭಾಗ್ಯ ನನಗಿರಲಿಲ್ಲ. ಅವರ ಆತ್ಮಕ್ಕೆ ಶ್ರೀಹರಿ ಸದ್ಗತಿ ಕರುಣಿಸಲಿ. ವಾರ್ಷಿಕ ವರದಿಯ ಮೊದಲ ಪುಟದಲ್ಲಿ ಅವರ ಸ್ಮರಣೆಗೆ ನಾಲ್ಕು ಸಾಲು ಬರೆಯಲು ಅಪ್ಪಣೆಯಾಗಬೇಕು.

ಇತಿ ವಿಧೇಯ,
ಡಾ. ಸೀತಾರಾಮ


ಕೀಲ್ಪಾಕ್, ಮದರಾಸು
11-12-1961

ಮಾನ್ಯ ಡಾಕ್ಟರವರಿಗೆ,

ಕೀರ್ತಿಶೇಷ ಜಲಜಾಳ ನಮಸ್ಕಾರಗಳು.

ನನ್ನ ಆತ್ಮಕ್ಕೆ ಸದ್ಗತಿ ಕೋರಿದ್ದೀರಿ, ಸಂತೋಷ. ಸದ್ಯಕ್ಕೆ ಅದು ಕೀಲ್ಪಾಕಿನ ನಮ್ಮ ಮನೆಯಲ್ಲಿ ಎರಡು ದಿಂಬಿಗೆ ಒರಗಿಕೊಂಡು ಈ ಪತ್ರ ಬರೆಯುತ್ತಿದೆ. ತಪ್ಪು ನಿಮ್ಮದಲ್ಲ. ನಮ್ಮ ಜನ ಬದುಕಿದ್ದವರ ಹೆಸರಿನಲ್ಲಿ ಅರ್ಚನೆ ಮಾಡಿಸುತ್ತಾರೆ, ನಿಧಿ ಇಡುವುದು ಮಾತ್ರ ಸತ್ತವರ ಹೆಸರಿನಲ್ಲಿ. ಅಪ್ಪ ಸಂಪ್ರದಾಯ ಮುರಿದರು, ನೀವು ಜಾರಿ ಬಿದ್ದಿರಿ.

ಅಪ್ಪನಿಗೆ ಎರಡೂ ಕಣ್ಣಿಗೆ ಪೊರೆ. ಬಂದ ಪತ್ರ ಓದಿ ಹೇಳುವವಳೂ ಹೋಗುವ ಪತ್ರ ಬರೆಯುವವಳೂ ನಾನೇ. ಹೀಗಾಗಿ ನನ್ನ ಮರಣವಾರ್ತೆಯನ್ನು ನಾನೇ ಗಟ್ಟಿಯಾಗಿ ಓದುತ್ತ ಹೋಗಿ, ‘ತಮ್ಮ ಕೀ...’ ಎಂಬಲ್ಲಿ ಬ್ರೇಕು ಹಾಕಬೇಕಾಯಿತು.

“ಯಾಕಮ್ಮಾ ನಿಲ್ಲಿಸಿದಿ?”

“ಕೀರ್ತಿವಂತ ಪುತ್ರಿ ಅಂತ ಬರದಾರಪ್ಪಾ. ನಾಚಿಕಿ ಆತು.”

ಅಪ್ಪ ರೈಲ್ವೆಯ ಕ್ಲೇಮ್ಸ್ ಆಫೀಸಿನಲ್ಲಿದ್ದು ರಿಟೈರಾದವರು. ದಾರಿಯಲ್ಲಿ ಕಳೆದ ಬುಟ್ಟಿ ಮೂಟೆಗಳಿಗೆ ಪರಿಹಾರ ಕೇಳಿ ಜನ ಹಾಕಿದ ಅರ್ಜಿಗಳನ್ನು ಪರೀಕ್ಷಿಸುವುದು ಅವರ ಕೆಲಸವಾಗಿತ್ತು. ತಮ್ಮ ಇಡೀ ಸರ್ವೀಸಿನಲ್ಲಿ ಒಂದೇ ಒಂದು ಹುಳಿ ಮಾವಿನಹಣ್ಣು ಕಳೆದದ್ದಿಲ್ಲವಂತೆ. ಕಳೆದದ್ದೆಲ್ಲ ಮಲಗೋವಾ. ನಿಮ್ಮ ‘ಸದ್ಗುಣಸಂಪನ್ನೆ, ಮೃದುಭಾಷಿಣಿ’ ಓದಿದಾಗ ನನಗೆ ಅದೇ ನೆನಪಾಯಿತು. ನಮ್ಮನೆಯಲ್ಲಿ ಆ ಎರಡೂ ಮಾತು ಉಪ್ಪಿನಕಾಯಿ ಭರಣಿಗೆ ಸಲ್ಲಬಹುದು, ನನಗೆ ಸಲ್ಲುವುದಿಲ್ಲ.

ನಾಲ್ಕು ಸಾಲು ಈಗಲೇ ಬರೆದಿಡಿ. ಹಾಕುವ ದಿನ ತಿಳಿಸುತ್ತೇವೆ.

ಜಲಜಾ


ಮೈಸೂರು
2-1-1962

ಕುಮಾರಿ ಜಲಜಾ ಅವರಿಗೆ,

ನಿಮ್ಮ ಪತ್ರ ಬಂದ ದಿನ ನಾನು ಊಟ ಮಾಡಲಿಲ್ಲ. ಯಾವ ಮುಖ ಇಟ್ಟುಕೊಂಡು ಕ್ಷಮೆ ಕೇಳಲಿ? ನಿಮ್ಮ ತಂದೆಯವರಿಗೆ ತಿಳಿಯದಂತೆ ನೋಡಿಕೊಂಡಿರಿ, ಆ ಋಣ ನನ್ನ ಮೇಲಿದೆ.

ಎರಡು ದಿಂಬು ಎಂದು ಬರೆದಿದ್ದೀರಿ. ಮೊದಲು ಒಂದಿತ್ತೆ? ಎಂದಿನಿಂದ ಎರಡು? ತಲೆ ತಗ್ಗಿಸಿ ಮಲಗಿದರೆ ಉಸಿರು ಕಟ್ಟುತ್ತದೆಯೆ? ಊಟದಲ್ಲಿ ಉಪ್ಪು ಕಡಿಮೆ ಮಾಡಿ ಎಂದು ನಿಮ್ಮ ಡಾಕ್ಟರು ಹೇಳಿಯೇ ಇರಬೇಕು.

ಸೀತಾರಾಮ


ಕೀಲ್ಪಾಕ್
9-3-1962

ಡಾಕ್ಟರೇ,

ದಿಂಬಿನ ವಿಚಾರ ಬಿಡಿ, ನಮ್ಮನೆಯಲ್ಲಿ ಹತ್ತಿ ಚೆನ್ನಾಗಿದೆ. ಅಡ್ಯಾರಿನಿಂದ ಬರುವ ಹಾರ್ಟ್ ಡಾಕ್ಟರು ಎದೆಗೆ ಕೊಳವೆ ಇಟ್ಟು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿ, “ಒಣ್ಣುಮಿಲ್ಲೆ ಮಾ” ಅನ್ನುತ್ತಾರೆ. ಏನೂ ಇಲ್ಲದ್ದನ್ನು ಮನುಷ್ಯ ಅಷ್ಟು ಹೊತ್ತು ಕೇಳುತ್ತಾನೆಯೇ? ಆಪರೇಶನ್ ಮಾಡುವ ದೊಡ್ಡವರೂ ನೋಡಿದರು. ಒಂದು ಕವಾಟ ಕೆಟ್ಟಿದ್ದರೆ ಕೈ ಹಾಕಬಹುದಿತ್ತು, ಕೆಟ್ಟಿರುವುದು ಮೂರು ಎಂದು ಕತ್ತಿ ಕೆಳಗಿಟ್ಟರು.

ಈಗ ನಿಮಗೆ ನಮ್ಮ ಮನೆಯ ದೊಡ್ಡ ವ್ಯಾಜ್ಯವೊಂದನ್ನು ತಿಳಿಸಬೇಕು, ಏಕೆಂದರೆ ಅದರಲ್ಲಿ ನೀವೂ ಪ್ರತಿವಾದಿ. ನನಗೆ ಒಂಬತ್ತನೆಯ ವಯಸ್ಸಿನಲ್ಲಿ ಮೊದಲ ಸಲ ಜ್ವರ ಬಂದಾಗ ಅಪ್ಪ ತಿರುಪತಿ ತಿಮ್ಮಪ್ಪನಿಗೆ ಹರಕೆ ಹೊತ್ತರು: ‘ಮಗುವಿಗೆ ಗುಣವಾದರೆ ಅಡ್ಯಾರಿನ ಸೈಟು ನಿನ್ನದು.’ ಒಂದು ಬೆಳ್ಳಿ ರೂಪಾಯಿಯನ್ನು ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಗೂಡಿನಲ್ಲಿಟ್ಟರು. ಗುಣವಾಗಲಿಲ್ಲ. ಅಪ್ಪ ಕಾದರು, ತಿಮ್ಮಪ್ಪನೂ ಕಾದ, ಸೈಟಿನ ಬೆಲೆ ಮಾತ್ರ ಏರಿತು. ಕೊನೆಗೆ ಪತ್ರಿಕೆಯಲ್ಲಿ ನಿಮ್ಮ ಭಾಷಣದ ಸುದ್ದಿಯನ್ನು ನಾನು ಓದಿ ಹೇಳಿದ ಮೇಲೆ, ಅಪ್ಪ ಸೈಟು ಮಾರಿ, ಹಣ ಬ್ಯಾಂಕಿನಲ್ಲಿಟ್ಟು, ಬಡ್ಡಿಯನ್ನು ವರ್ಷವರ್ಷ ನಿಮಗೆ ಕಳಿಸುವುದೆಂದು ತೀರ್ಮಾನಿಸಿದರು. ಮುಡಿಪಿನ ಗಂಟು ಇನ್ನೂ ಗೂಡಿನಲ್ಲೇ ಇದೆ.

ಅಂದಿನಿಂದ ಭೀಮತ್ತೆ ಸುಮ್ಮನಿಲ್ಲ. ಈಕೆ ಅಪ್ಪನ ಅಕ್ಕ, ಭೀಮಾಬಾಯಿ. ಮಡಿ ಹೆಂಗಸು, ಬಳ್ಳಾರಿ ಬಿಟ್ಟು ಬಂದು ನಲವತ್ತು ವರ್ಷವಾದರೂ ನಾಲಿಗೆ ಅಲ್ಲೇ ಇದೆ.

“ದೇವ್ರ ರೊಕ್ಕ ಒಯ್ದು ಮೈಸೂರು ಹುಡುಗ್ರ ಕುಂಡಿಗೆ ಚುಚ್ಚಾಕ ಕೊಟ್ಟೀಯಲ್ಲೋ ತಮ್ಮಾ. ಆತ ಬಡ್ಡಿಕಾಸಿನವ. ಸುಮ್ನ ಕೂಡ್ತಾನೇನು?”

“ಇಷ್ಟು ವರ್ಷ ಕೂತಾನಲ್ಲ ಅಕ್ಕಾ, ಇನ್ನೊಂದಿಷ್ಟು ಕೂಡಲಿ,” ಅನ್ನುತ್ತಾರೆ ಅಪ್ಪ. ಆದರೆ ನನಗೆ ಕೆಮ್ಮು ಬಂದಾಗಲೆಲ್ಲ ಅವರ ಮುಖ ದೇವರ ಗೂಡಿನ ಕಡೆ ತಿರುಗುತ್ತದೆ. ಕಣ್ಣು ಕಾಣದವರ ಮುಖ ತಿರುಗಿದರೆ ಚೆನ್ನಾಗಿ ಗೊತ್ತಾಗುತ್ತದೆ ಡಾಕ್ಟರೇ.

ನನ್ನ ಭಯ ಇಷ್ಟೇ. ನೀವು ನಾಲ್ಕು ಸಾಲು ಹಾಕುವ ದಿನ ಬಂದಾಗ, ತಿಮ್ಮಪ್ಪನ ಕೋಪದಿಂದ ಹೀಗಾಯಿತೆಂದು ಅತ್ತೆ ಅಳುತ್ತಾರೆ. ಅಪ್ಪ ನಂಬುತ್ತಾರೆ. ಅಸಲೂ ಬಡ್ಡಿಯೂ ಬೆಟ್ಟ ಹತ್ತುತ್ತವೆ. ನಿಮ್ಮ ಮಕ್ಕಳಿಗೆ ಸೂಜಿ ನಿಲ್ಲುತ್ತದೆ. ಅದಕ್ಕೆ ಮುಂಚೆ ಅಪ್ಪನಿಗೆ ಆ ಮಕ್ಕಳ ಹುಚ್ಚು ಹಿಡಿಸಬೇಕು. ನಿಮ್ಮ ಶೇಕಡಾವಾರು ಓದಿದರೆ ಅವರು ನಿದ್ದೆ ಹೋಗುತ್ತಾರೆ. ಒಂದು ಮಗುವನ್ನು ಕಳಿಸಿ. ಪೋಕರಿಯಾಗಿರಬೇಕು.

ಜಲಜಾ


ಮೈಸೂರು
20-4-1962

ಕುಮಾರಿ ಜಲಜಾ ಅವರಿಗೆ,

ನಿಮ್ಮ ಬೇಡಿಕೆಗೆ ತಕ್ಕವಳು ಒಬ್ಬಳಿದ್ದಾಳೆ. ರತ್ನಾವತಿ, ಎಂಟು ವರ್ಷ. ಒಮ್ಮೆ ಜ್ವರ ಬಂದು ಹೋಗಿದೆ, ಹೃದಯದಲ್ಲಿ ಇನ್ನೂ ದೋಷವಿಲ್ಲ. ಹೋದ ತಿಂಗಳು ಕಾಂಪೌಂಡರ್ ಭೋಜರಾಜ ಇಂಜೆಕ್ಷನ್ ಕೊಡುತ್ತಿದ್ದಂತೆ ಅವನ ಮುಂಗೈಯನ್ನು ರಕ್ತ ಬರುವಂತೆ ಕಚ್ಚಿದಳು. ಗದರಿಸಿದರೆ, “ನಂಗ್ ಚುಚ್ತೀಯಲ್ಲ, ನೀನೂ ಒಸಿ ನೋವ್ ತಿನ್ನು” ಎಂದಳು. ಈ ತಿಂಗಳು ಭೋಜರಾಜ ಕೈಗೆ ಟವಲು ಸುತ್ತಿಕೊಂಡು ಬಂದ. ಅವಳು ಇನ್ನೊಂದು ಕೈ ಕಚ್ಚಿದಳು.

ಇದು ಸಾಕೆ? ನನಗೆ ಇಂಥವನ್ನು ಬರೆದು ಅಭ್ಯಾಸವಿಲ್ಲ.

ಸೀತಾರಾಮ


ಕೀಲ್ಪಾಕ್
15-7-1962

ಡಾಕ್ಟರೇ,

ಸಾಕೆ ಅಂದಿರಾ? ಅಪ್ಪ ಎರಡು ಸಲ ಓದಿಸಿದರು. “ಟವಲು ಯಾವ ಕೈಗೆ ಸುತ್ತಿದ್ದ?” ಎಂದು ವಿಚಾರಣೆ ಮಾಡಿ, ಭೋಜರಾಜ ಕ್ಲೇಮು ಹಾಕಬಹುದು, ಆದರೆ ಮುಂಚೆಯೇ ಎಚ್ಚರಿಕೆ ಸಿಕ್ಕಿದ್ದರಿಂದ ಎರಡನೆಯ ಕಡಿತಕ್ಕೆ ಪರಿಹಾರವಿಲ್ಲ ಎಂದು ತೀರ್ಪು ಕೊಟ್ಟರು. ಈಗ ಬೆಳಗಿನ ಕಾಫಿ ಆದಮೇಲೆ ಮೊದಲ ಪ್ರಶ್ನೆ, “ಮೈಸೂರಿಂದ ಕಾಗದ ಬಂತೇನು? ಕಚ್ಚಿದಳೇನು?”

ಭೀಮತ್ತೆ ನಿಮ್ಮನ್ನು ಬೈಯುತ್ತಲೇ ಒಂದು ಡಬ್ಬ ಕೊಡುಬಳೆ ಕರಿದಿದ್ದಾರೆ. “ಕಚ್ಚಾಕ ಏನರ ಬೇಕಲ್ಲ ಆ ಹುಡುಗೀಗೆ. ಕೊಡು, ಇದನ್ನ ಕಚ್ಚಲಿ.” ಪಾರ್ಸೆಲ್ ಕಳಿಸಿದ್ದೇನೆ. ಭೋಜರಾಜನಿಗೆ ಒಂದೂ ಕೊಡಬೇಡಿ, ಅವನ ಹಲ್ಲಿನ ಬಗ್ಗೆ ನಮಗೆ ಮಾಹಿತಿಯಿಲ್ಲ.

ದಿಂಬು ಮೂರಾಯಿತು, ನೀವು ಕೇಳುವ ಮುಂಚೆ ಹೇಳಿಬಿಡುತ್ತೇನೆ. ಉಪ್ಪಿಲ್ಲದ ಹುಳಿ ಉಣ್ಣುತ್ತಿದ್ದೇನೆ. ಬೈಗುಳದಲ್ಲೂ ಸಪ್ಪೆಯಾಗಿದ್ದೇನೆಂದು ಅಪ್ಪ ಹೇಳುತ್ತಾರೆ.

ಒಂದು ಮಾತು ಕೇಳುತ್ತೇನೆ, ಬೇಸರಪಡಬೇಡಿ. ಆ ಇಂಜೆಕ್ಷನ್ನಿನಲ್ಲಿ ನನಗೇನಾದರೂ ಇದೆಯೇ? ಅಪ್ಪ ಇದೆ ಅಂದುಕೊಂಡಿದ್ದಾರೆ. ನಾನು ಇಲ್ಲ ಅಂದುಕೊಂಡಿದ್ದೇನೆ. ಯಾರು ಗೆದ್ದರು ತಿಳಿಸಿ.

ಜಲಜಾ


ಮೈಸೂರು
6-11-1962

ಕುಮಾರಿ ಜಲಜಾ ಅವರಿಗೆ,

ಇಷ್ಟು ದಿನ ಬರೆಯಲಿಲ್ಲ. ಕೆಲಸವಿತ್ತು ಎಂದರೆ ಸುಳ್ಳಾಗುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಗೊತ್ತಿತ್ತು, ಬರೆಯಲು ಕೈ ಬರಲಿಲ್ಲ. ಇಲ್ಲ. ಕೆಟ್ಟ ಕವಾಟವನ್ನು ಈ ಔಷಧ ರಿಪೇರಿ ಮಾಡುವುದಿಲ್ಲ. ಕೆಡದಂತೆ ಕಾಯುತ್ತದೆ, ಅಷ್ಟೆ.

ಇನ್ನೊಂದು ಸುದ್ದಿಯಿದೆ. ಇದನ್ನು ನಿಮ್ಮ ತಂದೆಯವರ ಎದುರು ಓದಬೇಡಿ.

ಕೊಡುಬಳೆ ಬಂದ ವಾರ ರತ್ನಾವತಿಯ ತಾಯಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳು. ಡಬ್ಬ ಮಗುವಿನ ಕಂಕುಳಲ್ಲಿತ್ತು. ಎರಡು ತಿಂಗಳು ಬರಲಿಲ್ಲ, ಎರಡು ಇಂಜೆಕ್ಷನ್ ತಪ್ಪಿತು. ಅಲ್ಲಿ ಗಂಟಲುನೋವು ಬಂತು, ಜ್ವರ ಬಂತು, ಗಾಡಿಯಲ್ಲಿ ಹಾಕಿಕೊಂಡು ಬರುವಾಗ ಉಸಿರಾಟ ಕೆಟ್ಟಿತ್ತು. ವಾರ್ಡಿನಲ್ಲಿ ನಾಲ್ಕು ದಿನ ಇದ್ದಳು. ಭೋಜರಾಜ ಸೂಜಿ ಹಾಕಿದಾಗ ಕಚ್ಚಲಿಲ್ಲ. ಅವನು ಟವಲು ಸುತ್ತದೆ ಬರಿಗೈಯಲ್ಲಿ ಹೋಗಿದ್ದ. ಅಕ್ಟೋಬರ್ ಮೊದಲ ವಾರ ಹೋದಳು.

ಇಂಜೆಕ್ಷನ್ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಇದು ಬಲವಾದ ಪುರಾವೆ, ಪ್ರಬಂಧಕ್ಕೆ ಅನುಕೂಲ ಎಂದು ನನ್ನ ಸಹೋದ್ಯೋಗಿಯೊಬ್ಬರು ಹೇಳಿದರು. ಅವರು ಹೇಳಿದ್ದು ನಿಜ. ಅಂದಿನಿಂದ ಅವರೊಡನೆ ಕಾಫಿಗೆ ಹೋಗುತ್ತಿಲ್ಲ.

ತಾಯಿ ಡಬ್ಬವನ್ನು ತೊಳೆದು ತಂದುಕೊಟ್ಟಳು. ನನ್ನ ಮೇಜಿನ ಮೇಲಿದೆ.

ಸೀತಾರಾಮ


ಕೀಲ್ಪಾಕ್
19-11-1962

ಡಾಕ್ಟರೇ,

ನಾನೇ ಗೆದ್ದೆ. ಅಪ್ಪನಿಗೆ ಹೇಳಿಲ್ಲ. ಗೆದ್ದವರು ಬೀಗಬಾರದು.

ನಿಮ್ಮ ಪತ್ರವನ್ನು ಅಪ್ಪನಿಗೆ ಓದಿದೆ. ರತ್ನಾವತಿ ಚೆನ್ನಾಗಿದ್ದಾಳೆ. ತವರೂರಿನಿಂದ ಬಂದಮೇಲೆ ಬುದ್ಧಿ ಬಂದಿದೆ. ಈಗ ತಾನಾಗಿ ಬಂದು ಬೋರಲು ಮಲಗುತ್ತಾಳೆ, ಅಳುವ ಚಿಕ್ಕ ಮಕ್ಕಳಿಗೆ ಧೈರ್ಯ ಹೇಳುತ್ತಾಳೆ, ಭೋಜರಾಜನಿಗೆ ಕೈ ಮುಗಿಯುತ್ತಾಳೆ. ಕೊಡುಬಳೆಯನ್ನು ಎಲ್ಲರಿಗೂ ಹಂಚಿ ತಿಂದಳು. ಅಪ್ಪ ಸುಮ್ಮನೆ ಕೇಳಿಸಿಕೊಂಡರು. ಖುಷಿಯಾಗಿರಬೇಕು.

ಇಲ್ಲಿ ಊರೆಲ್ಲ ಚೀನಾ ಯುದ್ಧದ ನಿಧಿಗೆ ಬಳೆ ಬಿಚ್ಚಿಕೊಡುತ್ತಿದೆ. ಮೈಸೂರಿಗೆ ಕಳಿಸುವ ಹಣವನ್ನೂ ಅದಕ್ಕೆ ಕೊಡಿ ಎಂದು ಒಬ್ಬರು ಬಂದರು. ತಿಮ್ಮಪ್ಪನಿಗೆ ಕೊಡು ಎಂದು ಅತ್ತೆ. ಅಪ್ಪ ಇಬ್ಬರಿಗೂ ಒಂದೇ ಉತ್ತರ ಕೊಟ್ಟರು: “ಆ ಕಚ್ಚೋ ಹುಡುಗಿ ದೊಡ್ಡಾಕಿ ಆಗೋತನಕ ಯಾರಿಗೂ ಇಲ್ಲ.”

ನೋಡಿದಿರಾ, ಇಡೀ ನಿಧಿ ಈಗ ಆ ಹುಡುಗಿಯ ಹಲ್ಲಿನ ಮೇಲೆ ನಿಂತಿದೆ. ಡಿಸೆಂಬರಿನ ವರದಿಯನ್ನು ನನ್ನ ಬದಲು ಬೇರೆ ಯಾರಾದರೂ ಅಪ್ಪನಿಗೆ ಓದಿ ಹೇಳಿದರೆ? ದಯವಿಟ್ಟು ವರದಿಯಲ್ಲಿ ಅವಳನ್ನು ಬದುಕಿಸಿಡಿ. ಒಮ್ಮೆ ಬದುಕಿದ್ದವಳನ್ನು ಸಾಯಿಸಿದ್ದೀರಲ್ಲ, ಅದಕ್ಕೂ ಇದಕ್ಕೂ ಲೆಕ್ಕ ಚುಕ್ತಾ.

ಜಲಜಾ


ಮೈಸೂರು
5-12-1962

ಕುಮಾರಿ ಜಲಜಾ ಅವರಿಗೆ,

ಆಗುವುದಿಲ್ಲ. ಸತ್ತ ಮಗುವನ್ನು ವರದಿಯಲ್ಲಿ ಬದುಕಿಸಿದರೆ, ಬದುಕಿರುವ ಮಕ್ಕಳನ್ನು ಯಾರೂ ನಂಬುವುದಿಲ್ಲ. ಉಳಿದ ಯಾರಿಗೂ ಜ್ವರ ಮರಳಿಲ್ಲ. ಅದು ನಿಜವೆಂದು ಜಗತ್ತು ಒಪ್ಪಬೇಕಾದರೆ ರತ್ನಾವತಿ ಸತ್ತದ್ದನ್ನೂ ನಾನು ಬರೆಯಬೇಕು. ಐದನೆಯ ಪುಟದಲ್ಲಿ ಬರೆದಿದ್ದೇನೆ.

ಇದರಿಂದ ನಿಧಿ ನಿಂತರೂ ನಿಲ್ಲಲಿ ಎಂದು ಧೈರ್ಯವಾಗಿ ಹೇಳಲಾರೆ. ನಿಲ್ಲದಿರಲಿ ಎಂದೇ ದೇವರಲ್ಲಿ ಕೇಳುತ್ತಿದ್ದೇನೆ. ಆದರೆ ಬೇರೆ ಬಗೆಯಲ್ಲಿ ಬರೆಯಲಾರೆ. ನೀವು ಹೇಗೆ ಓದುತ್ತೀರೆಂಬುದು ನನ್ನ ಸಂಶೋಧನೆಯ ವ್ಯಾಪ್ತಿಗೆ ಬರುವುದಿಲ್ಲ.

ಸೀತಾರಾಮ


ಕೀಲ್ಪಾಕ್
10-2-1963

ಡಾಕ್ಟರೇ,

ವರದಿ ಓದಿ ಹೇಳಿದೆ. ಐದನೆಯ ಪುಟಕ್ಕೆ ಬಂದಾಗ ಕೆಮ್ಮು ಬಂತು, ಕೆಮ್ಮು ನಿಂತಾಗ ಆರನೆಯ ಪುಟದಲ್ಲಿದ್ದೆ. ಈಚೆಗೆ ಕೆಮ್ಮು ಬಹಳ ಉಪಕಾರಿ. ಅಪ್ಪ ಎರಡನೆಯ ವರ್ಷದ ಹಣ ಕಳಿಸಿದ್ದಾರೆ, ಬಂದಿರಬೇಕು.

ದಿಂಬಿನ ಯುಗ ಮುಗಿಯಿತು. ಈಸಿಚೇರಿಗೆ ಪ್ರಮೋಷನ್ ಆಗಿದೆ. ರಾತ್ರಿಯೂ ಅಲ್ಲೇ. ಕಾಲು ಊದಿ ಗೆಜ್ಜೆ ಬಿಚ್ಚಿಟ್ಟೆ. ಅಕ್ಷರ ಸೊಟ್ಟಗಿದ್ದರೆ ಅದು ಪೆನ್ನಿನ ತಪ್ಪು.

ಮುಂದಿನ ವರ್ಷ ಯಾರು ಓದಿ ಹೇಳುತ್ತಾರೋ ಗೊತ್ತಿಲ್ಲ. ನಿಮ್ಮ ಮೇಲೆ ಸಿಟ್ಟಿಲ್ಲ. ಇತ್ತು, ಒಂದು ವಾರ.

ಜ.


ಮೈಸೂರು
8-5-1963

ಕುಮಾರಿ ಜಲಜಾ ಅವರಿಗೆ,

ಮೂರು ಕಾರ್ಡು ಹಾಕಿದೆ, ಉತ್ತರವಿಲ್ಲ. ಕೇರಿಯ ಮಕ್ಕಳು ತಪ್ಪದೆ ಬರುತ್ತಿದ್ದಾರೆ. ಯಾರೂ ಕಚ್ಚುವುದಿಲ್ಲ. ಭೋಜರಾಜನಿಗೆ ಕೆಲಸದಲ್ಲಿ ಆಸಕ್ತಿ ಕಡಿಮೆಯಾಗಿದೆ. ನೋಡಿ, ನನಗೂ ನಿಮ್ಮ ಹಾಗೆ ಬರೆಯಲು ಬರುತ್ತಿದೆ.

ದಿಂಬು ಎಷ್ಟು? ಅದೊಂದನ್ನೇ ಬರೆಯಿರಿ.

ಸೀತಾರಾಮ


ಕೀಲ್ಪಾಕ್
16-6-1963

ಡಾಕ್ಟರ್ ಸೀತಾರಾಮರಿಗೆ ಪಂಢರಿನಾಥನ ಆಶೀರ್ವಾದಗಳು.

ಅಕ್ಷರ ದೊಡ್ಡದಾಗಿದೆ, ಕ್ಷಮಿಸಬೇಕು. ಬಲಗಣ್ಣಿನ ಪೊರೆ ತೆಗೆದರು, ಕನ್ನಡಕ ಮೊನ್ನೆ ಬಂತು. ಅದನ್ನು ಹಾಕಿಕೊಂಡು ಮೊದಲು ಓದಿದ್ದು ನಿಮ್ಮ ಕಾಗದ. ದಿಂಬು ಎಷ್ಟು ಎಂದು ಕೇಳಿದ್ದೀರಿ. ಎಲ್ಲ ಬೀರುವಿನ ಮೇಲಿವೆ. ಜಲಜಾ ಯುಗಾದಿಗೆ ಮುಂಚೆ ಹೋದಳು. ಈಸಿಚೇರಿನಲ್ಲಿ ಕೂತೇ ಇದ್ದಳು. ಕಾಫಿ ಕೇಳಿದಳು, ಅಕ್ಕ ತರುವಷ್ಟರಲ್ಲಿ ಆಯಿತು. ಆ ಲೋಟವನ್ನು ಅಕ್ಕ ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು.

ರತ್ನಾವತಿ ಇಲ್ಲವೆಂದು ನನಗೆ ಹೋದ ನವೆಂಬರಿನಲ್ಲೇ ತಿಳಿಯಿತು. ಯಾರೂ ಹೇಳಲಿಲ್ಲ. ಜಲಜಾ ನಿಮ್ಮ ಕಾಗದ ಓದಿದಳು: ಹುಡುಗಿ ಕೈ ಮುಗಿಯುತ್ತಾಳೆ, ಹಂಚಿ ತಿನ್ನುತ್ತಾಳೆ, ಧೈರ್ಯ ಹೇಳುತ್ತಾಳೆ. ನಾನು ಇಡೀ ಜನ್ಮ ಕಳೆದ ಮಾಲಿನ ಅರ್ಜಿ ಓದಿದವನು. ಬದುಕಿರುವ ಮಗು ನಾಲ್ಕಾರು ತಿಂಗಳಲ್ಲಿ ಅಷ್ಟು ಒಳ್ಳೆಯದಾಗುವುದಿಲ್ಲ. ಆ ಇಂಜೆಕ್ಷನ್ ತನಗಲ್ಲವೆಂದು ಅವಳಿಗೆ ಗೊತ್ತಾಗಿದೆ ಎಂಬುದೂ ಬರಬರುತ್ತ ತಿಳಿಯಿತು, ಅಂದಿನಿಂದ ಅವಳು ಅದರ ಮಾತೇ ಎತ್ತಲಿಲ್ಲ. ನಾನು ನಂಬಿದವನ ಹಾಗೆ ಕೂತೆ. ಅವಳಿಗೆ ಅದರಿಂದ ಒಂದಿಷ್ಟು ಹಗುರವಾಗುತ್ತಿತ್ತು. ದಿನಾ “ಕಚ್ಚಿದಳೇನು?” ಎಂದು ಕೇಳುವುದನ್ನೂ ಬಿಡಲಿಲ್ಲ.

ಹನ್ನೆರಡನೆಯ ದಿನವಾದಮೇಲೆ ಅಕ್ಕ ಮುಡಿಪಿನ ಗಂಟು ತಂದು ಮುಂದಿಟ್ಟಳು. “ಏನ್ ಮಾಡ್ಲೋ ಇದನ್ನ, ತಮ್ಮಾ?” ನಾನು ಹೇಳಿದೆ, ಗುಣವಾದರೆ ಎಂದು ಬರೆದುಕೊಟ್ಟದ್ದು. ಮಾಲು ತಲುಪಲಿಲ್ಲ, ಬಾಡಿಗೆ ಕೇಳುವ ಹಕ್ಕು ಕಂಪನಿಗಿಲ್ಲ. ಅಕ್ಕ ಅಳಲಿಲ್ಲ. ಗಂಟನ್ನು ಮತ್ತೆ ಗೂಡಿನಲ್ಲಿಟ್ಟು, ಕೊಡುಬಳೆಗೆ ಹಿಟ್ಟು ಕಲೆಸಿದಳು. ಆ ಹುಡುಗಿ ಇಲ್ಲವೆಂದು ಅವಳಿಗೆ ನಾನಿನ್ನೂ ಹೇಳಿಲ್ಲ. ಪಾರ್ಸೆಲ್ ಬರುತ್ತದೆ. ಭೋಜರಾಜನಿಗೆ ಕೊಡಿ.

ನಿಧಿ ನಿಲ್ಲುವುದಿಲ್ಲ. ಬ್ಯಾಂಕಿನಲ್ಲಿ ನನ್ನ ತರುವಾಯಕ್ಕೂ ವ್ಯವಸ್ಥೆ ಮಾಡಿದ್ದೇನೆ. ವರದಿಯ ಐದನೆಯ ಪುಟವನ್ನು ನಿನ್ನೆ ಓದಿದೆ. ಸರಿಯಾಗಿ ಬರೆದಿದ್ದೀರಿ.

ಇನ್ನೊಂದು. ಇಲ್ಲಿಗೆ ಬಂದವರೆಲ್ಲ ಜಲಜಾ ಬಹಳ ಸಾಧು, ಗಟ್ಟಿಯಾಗಿ ಮಾತಾಡಿದವಳಲ್ಲ, ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದಳು ಎನ್ನುತ್ತಿದ್ದಾರೆ. ಇದೇ ಬೀದಿಯವರು, ಅವಳ ಕೈಯಲ್ಲಿ ಬೈಸಿಕೊಂಡವರು. ಅವಳು ಅಡಗಿಸಿಟ್ಟಿದ್ದ ನಿಮ್ಮ ಮೊದಲ ಕಾಗದವನ್ನೂ ಈಗ ಓದಿದೆ, ಅವಳ ಸ್ಮರಣೆಗೆ ನಾಲ್ಕು ಸಾಲು ಬರೆಯಲು ಅಪ್ಪಣೆ ಕೇಳಿದ್ದಿರಿ. ಕೀರ್ತಿಶೇಷ ಎಂಬುದನ್ನು ಈಗ ಹಾಕಬಹುದು. ಸದ್ಗುಣಸಂಪನ್ನೆ, ಮೃದುಭಾಷಿಣಿ ಎಂಬ ಉಳಿದ ಎರಡು ಮಾತು ಬೇಡ. ಮಾಲು ಹೇಗಿತ್ತೋ ಹಾಗೆ ಬರೆಯಿರಿ.

ಇತಿ,
ಪಂಢರಿನಾಥ